ಬಿಯರ್ ಹಾಕಿದ ಮಟನ್ನೂ ಸೂರು ಹಾಕಿದ ಸಾನ್ನವೂ

ಬಿಯರ್ ಹಾಕಿ ಅಡುಗೆ ಮಾಡ್ತೀನಿ ಅಂದರೆ ನಮ್ಮ ಬೆಳಗಾವಿ ಕಡೆ ಜನ ಎರಡು ಮಾತು ಹೇಳ್ತಾರೆ. ಒಂದು, ಇದು ಬೆಂಗಳೂರು ಸೇರಿದ ಸಾಫ್ಟ್‌ವೇರ್ ಹುಡುಗರ ಶೋಕಿ. ಎರಡು, ಇದು ಫಾರಿನ್ನಿನವರ ಪದ್ಧತಿ, ನಮ್ಮ ಅಡುಗೆಮನೆಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಮೊದಲನೆಯದರ ಬಗ್ಗೆ ನಾನು ಜಗಳಕ್ಕೆ ಬರೋಲ್ಲ, ನಾನೂ ಅದೇ ಗುಂಪಿನವನೇ :-) ಆದರೆ ಎರಡನೇ ಮಾತಿಗೆ ನನ್ನ ತಕರಾರಿದೆ. ಅದು ಇತಿಹಾಸದ ಲೆಕ್ಕದಲ್ಲಿ ತಪ್ಪು. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಹೋದರೆ ಸಿಗುವ ಖಾನಾಪುರ, ಅಲ್ಲಿಂದ ಮುಂದೆ ಲೋಂಡಾ, ಘಟ್ಟ ಇಳಿದರೆ ಗೋವಾ... ಈ ದಾರಿಯುದ್ದಕ್ಕೂ ಹುಳಿ ಬರಿಸಿದ ಪಾನೀಯ ಲೋಟಕ್ಕಷ್ಟೇ ಅಲ್ಲ, ಪಾತ್ರೆಗೂ ಬೀಳುತ್ತಿತ್ತು. ಬಿಯರ್ ಅಲ್ಲ, ಅದರ ಅಣ್ಣ. ಅದನ್ನು ಪಾತ್ರೆಯಿಂದ ಹೊರಗೆ ಹಾಕಿದ್ದು ರುಚಿ ಅಲ್ಲ, ಕಾಯ್ದೆ. ಇವತ್ತು ಬರೆಯಹೊರಟಿದ್ದು ಅದರ ಬಗ್ಗೆಯೇ.

ನಮ್ಮ ರೂಮಿನಲ್ಲಿ ಶನಿವಾರ ಮಟನ್‌ಗೆ ಒಂದು ಚಿಕ್ಕ ಬಾಟಲಿ ಬಿಯರ್ ಸುರಿಯೋದು ರೂಢಿ. ಖಾನಾಪುರದ ಗೆಳೆಯನೊಬ್ಬ ಇದನ್ನು ನೋಡಿ ಸ್ವಲ್ಪವೂ ಆಶ್ಚರ್ಯ ಪಡಲಿಲ್ಲ. ಅವನ ಅಜ್ಜಿ ಕೊಂಕಣಿ ಮಾತಾಡೋ ಕ್ರೈಸ್ತ ಮನೆತನದವರು. "ನಮ್ಮಜ್ಜಿ ಸಾನ್ನದ ಹಿಟ್ಟಿಗೆ ಸೂರು ಹಾಕ್ತಿದ್ಲು, ನಿಂದೇನ್ ದೊಡ್ಡ ವಿಷಯ" ಅಂದ. ಆ ಒಂದು ಮಾತು ಹಿಡಿದು ನಾನು ಓದುತ್ತಾ ಹೋದೆ.

ಸೂರು ಅಂದರೆ ತೆಂಗಿನ ಹೊಂಬಾಳೆ ಕೊಯ್ದು ಇಳಿಸಿದ ಸೇಂದಿ, ನಮ್ಮ ಹಳೇ ಮಾತಿನ ಕಳ್ಳು. ಕೊಂಕಣಿಯ ಸೂರಿಗೂ ಸಂಸ್ಕೃತದ ಸುರೆಗೂ ನಂಟು. ಮರಾಠಿಯವರು ತಾಡಿ ಅಂತಾರೆ, ಇಂಗ್ಲಿಷಿನ 'ಟಾಡಿ' ಹುಟ್ಟಿದ್ದೂ ಈ ತಾಡಿಯಿಂದಲೇ. ಕರಾವಳಿಯಲ್ಲಿ ತೆಂಗು, ಘಟ್ಟದ ಕಾಡಿನಲ್ಲಿ ಬೈನೆ, ಬಯಲುಸೀಮೆಯಲ್ಲಿ ಈಚಲು. ಮರ ಬೇರೆ ಬೇರೆ, ಕೆಲಸ ಒಂದೇ. ಗಡಿಗೆಗೆ ಬಿದ್ದ ಸಿಹಿ ರಸಕ್ಕೆ ಗಾಳಿಯಿಂದ, ಗಡಿಗೆಯ ಗೋಡೆಯಿಂದ ಯೀಸ್ಟ್ ಬಂದು ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಸಕ್ಕರೆ ಮದ್ಯಸಾರವಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಬಿಳಿ ನೊರೆ, ಸ್ವಲ್ಪ ಹುಳಿ, ಮದ್ಯಸಾರ ಶೇ. 4-5ರ ಆಸುಪಾಸು. ಅಂದರೆ ಅಂಗಡಿಯಲ್ಲಿ ಸಿಗೋ ಮಾಮೂಲಿ ಲಾಗರ್ ಬಿಯರಿನಷ್ಟೇ! ಬಾರ್ಲಿ ಕಾಳಿನ ಬದಲು ಮರದ ರಸ, ಅಷ್ಟೇ ವ್ಯತ್ಯಾಸ. ಇನ್ನೊಂದಿದೆ: ಬಿಯರಿಗೆ ಹಾಪ್ಸ್ ಹೂವಿನ ಕಹಿ ಇರುತ್ತೆ, ಸೂರಿಗೆ ಇರೋಲ್ಲ. ಅಡುಗೆಗೆ ಇಳಿದಾಗ ಈ ಕಹಿಯದೇ ದೊಡ್ಡ ತಲೆನೋವು, ಆಮೇಲೆ ಬರ್ತೀನಿ.

ಸಾನ್ನ ತಿಂದಿಲ್ಲದವರಿಗೆ: ಇಡ್ಲಿಯ ತಂಗಿ ಅಂದುಕೊಳ್ಳಿ. ಅಕ್ಕಿ, ತೆಂಗಿನತುರಿ ರುಬ್ಬಿ, ಉಬ್ಬಲು ಸೂರು ಹಾಕಿ, ಬಟ್ಟಲಲ್ಲಿ ಹಬೆಗಿಡೋದು. ಇಡ್ಲಿಯಲ್ಲಿ ಉದ್ದು ಮಾಡೋ ಕೆಲಸವನ್ನು ಇಲ್ಲಿ ಸೂರು ಮಾಡುತ್ತೆ. ತೆಳ್ಳನೆ ಸಿಹಿ, ಬಾಯಲ್ಲಿಟ್ಟರೆ ಹತ್ತಿ. ಕೇರಳದಲ್ಲಿ ಅಪ್ಪಂಗೆ ಕಳ್ಳು ಹಾಕೋದೂ ಇದೇ ಲೆಕ್ಕ. ಮಂಗಳೂರಿನ ಕ್ಯಾಥೊಲಿಕರ ಮನೆಯಲ್ಲಿ, ಗೋವಾದಲ್ಲಿ, ಖಾನಾಪುರ-ಬೆಳಗಾವಿಯ ಗೋವಾ ಮೂಲದವರ ಮನೆಯಲ್ಲಿ ಕ್ರಿಸ್ಮಸ್ ದಿನ ಸಾನ್ನ ಇಲ್ಲದಿದ್ದರೆ ಹಬ್ಬ ಅನ್ನಿಸಿಕೊಳ್ಳೋಲ್ಲ. ಈ ನಂಟು ಬರೀ ಅಡುಗೆಯದಲ್ಲ ನೋಡಿ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಅಂತ ಬೇರೆ ಆಗುವವರೆಗೂ ಈ ಭಾಗದ ಚರ್ಚುಗಳು ಗೋವಾ ಮತ್ತು ಪುಣೆಗೆ ಸೇರಿದ್ದವು. ಪಾದ್ರಿಗಳು, ಮದುವೆ ಸಂಬಂಧಗಳು, ಅಡುಗೆ ಎಲ್ಲವೂ ಒಂದೇ ಘಟ್ಟದ ದಾರಿಯಲ್ಲಿ ಹತ್ತಿ ಇಳಿಯುತ್ತಿದ್ದವು.

ಸಾನ್ನದ ಜೋಡಿ ಬರೋ ಸಾರುಗಳ ಕಥೆ ಇನ್ನೂ ಮಜಾ. 1510ರಲ್ಲಿ ಅಲ್ಬುಕರ್ಕ್ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡ. ಪೋರ್ಚುಗೀಸರು ತಮ್ಮೂರಿನ 'ವಿಞ ದಾಲ್ಯೋಶ್' ಅನ್ನೋ ಅಡುಗೆ ತಂದರು. ಮಾಂಸವನ್ನು ವೈನ್ ಅಥವಾ ವೈನಿನ ವಿನೆಗರ್‌ನಲ್ಲಿ ಬೆಳ್ಳುಳ್ಳಿ ಜೊತೆ ನೆನೆಸಿಡೋದು. ಇಲ್ಲಿ ದ್ರಾಕ್ಷಿ ವೈನು ಎಲ್ಲಿಂದ ತರ್ತಾರೆ? ಕೈಗೆ ಸಿಕ್ಕಿದ್ದು ಸೂರಿನ ವಿನೆಗರ್. ಅಮೆರಿಕ ಖಂಡದಿಂದ ಅವರೇ ತಂದ ಮೆಣಸಿನಕಾಯಿಯೂ ಸೇರಿ ಅದು ವಿಂದಾಲೂ ಆಯಿತು. (ಅದರಲ್ಲಿ 'ಆಲೂ' ಇದೆ ಅಂದುಕೊಂಡು ಆಲೂಗಡ್ಡೆ ಹಾಕೋ ಹೋಟೆಲಿನವರಿಗೆ ನನ್ನ ಸಂತಾಪ.) ಹಂದಿ ಮಾಂಸದ ಸೊರ್ಪೊತೆಲ್ ಕೂಡ ಇದೇ ವಿನೆಗರ್ ಮೇಲೆ ನಿಂತಿದೆ. ಸೂರು ಒಂದು ದಿನ ಕಳೆದರೆ ಕುಡಿಯೋಕೆ ಹುಳಿ. ಹಾಗೇ ಬಿಟ್ಟರೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಬಂದು ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತೆ. ಮಾರಾಟವಾಗದ ಸೂರು ದಂಡವಾಗದೆ ವಿನೆಗರ್ ಆಗುತ್ತಿತ್ತು. ಗೋವಾದ ಪೊದೇರರು, ಅಂದರೆ ಬ್ರೆಡ್ ಮಾಡೋರು, ಹಿಟ್ಟು ಉಬ್ಬಿಸುತ್ತಿದ್ದುದೂ ಸೂರಿನಿಂದಲೇ.

ಇದು ಏನೋ ಈ ಮೂಲೆಯ ವಿಚಿತ್ರ ಅಂತಲೂ ಅಂದುಕೊಳ್ಳಬೇಡಿ. ಗಾಲ್ ಮತ್ತು ಐಬೀರಿಯಾದ ಜನ ಬಿಯರಿನ ನೊರೆಯಿಂದ ಬ್ರೆಡ್ ಉಬ್ಬಿಸುತ್ತಾರೆ, ಅದಕ್ಕೇ ಅವರ ಬ್ರೆಡ್ ಹಗುರ ಅಂತ ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅಲ್ಲಿ ಬಿಯರ್ ಮಾಡುವವನ ನೊರೆ, ಇಲ್ಲಿ ಮರ ಹತ್ತುವವನ ನೊರೆ.

ಹಾಗಾದರೆ ನಮ್ಮ ಕನ್ನಡದ ಅಡುಗೆ ಪುಸ್ತಕಗಳಲ್ಲಿ ಇದು ಯಾಕಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಅಧ್ಯಾಯ ಇದೆ. 16ನೇ ಶತಮಾನದ ಆರಂಭದ ಮೂರನೇ ಮಂಗರಸನ 'ಸೂಪಶಾಸ್ತ್ರ' ಪೂರ್ತಿ ಅಡುಗೆಯದೇ. ಎರಡರಲ್ಲೂ ಹೆಂಡದ ಅಡುಗೆ ಹುಡುಕೋದು ವ್ಯರ್ಥ, ಯಾಕಂದರೆ ಮಂಗರಸ ಜೈನ. ಜೈನ ಗೃಹಸ್ಥನಿಗೆ ಮದ್ಯ, ಮಾಂಸ, ಮಧು ಮೂರೂ ನಿಷಿದ್ಧ. ನಮ್ಮ ಬೆಳಗಾವಿ ನೆಲವೂ ಜೈನರ ದೊಡ್ಡ ನೆಲೆಯಾಗಿತ್ತು. ಕೋಟೆಯೊಳಗಿನ ಕಮಲ ಬಸದಿ ರಟ್ಟರ ಕಾಲದ್ದು, 1204ರದ್ದು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲೂ ಜೈನರಿಗೆ ಕೊಟ್ಟ ದಾನಗಳೇ ಇವೆ. ಪೆನ್ನು (ಕಂಟ ಅನ್ನಬೇಕೇನೋ) ಯಾರ ಕೈಯಲ್ಲಿತ್ತೋ ಅವರ ಪಾತ್ರೆಯ ಅಡುಗೆ ಪುಸ್ತಕಕ್ಕೆ ಬಂತು. ಕಲ್ಯಾಣಿ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ' ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಹಂದಿ ಸುಡೋದರಿಂದ ಹೊಲದ ಇಲಿ ಹುರಿಯೋವರೆಗೆ ಎಲ್ಲ ಇದೆ, ಮದಿರಾಪಾನವನ್ನು ಅರಸನ ವಿನೋದಗಳಲ್ಲಿ ಒಂದಾಗಿ ಬೇರೆಯೇ ವರ್ಣಿಸಿದ್ದಾನೆ. ಅದೇ ಶತಮಾನದಲ್ಲಿ ಹೆಂಡ ಮಾರುತ್ತಲೇ ವಚನ ಬರೆದ ಹೆಂಡದ ಮಾರಯ್ಯನೂ ಇದ್ದ. ಅರಸನ ಮದಿರೆ ಗ್ರಂಥಕ್ಕೆ ಬಂತು, ಮಾರಯ್ಯನ ಹೆಂಡ ವಚನಕ್ಕೆ ರೂಪಕವಾಗಿ ಬಂತು. ಬಡವರ ಮನೆಯಲ್ಲಿ ಅದು ಸಾರಿಗೆ ಬಿತ್ತಾ, ರೊಟ್ಟಿ ಹಿಟ್ಟಿಗೆ ಬಿತ್ತಾ ಅಂತ ಬರೆದಿಡೋ ಗೋಜಿಗೆ ಯಾರೂ ಹೋಗಲಿಲ್ಲ.

ಬ್ರಿಟಿಷರು ಬಂದ ಮೇಲೆ ಬರೆದಿಡೋರು ಸಿಕ್ಕರು, ಆದರೆ ಅವರ ಕುತೂಹಲವೇ ಬೇರೆ. 1884ರಲ್ಲಿ ಬಂದ ಬೆಳಗಾವಿ ಜಿಲ್ಲಾ ಗ್ಯಾಸೆಟಿಯರ್ (ಬಾಂಬೆ ಪ್ರೆಸಿಡೆನ್ಸಿ ಮಾಲೆಯ 21ನೇ ಸಂಪುಟ) ಜಾತಿವಾರು ಯಾರ ದಿನನಿತ್ಯದ ಊಟ ಏನು, ಯಾರು ಮಾಂಸ ತಿಂತಾರೆ, ಯಾರು ಕುಡೀತಾರೆ ಅಂತ ಪಟ್ಟಿ ಹಾಕುತ್ತೆ. ಡೇಟಾಬೇಸ್ ಕಾಲಂ ಇದ್ದ ಹಾಗೆ: ಕುಡಿಯುತ್ತಾರೆ, ಹೌದು ಅಥವಾ ಇಲ್ಲ. ಅಡುಗೆಗೆ ಹಾಕ್ತಾರಾ ಅನ್ನೋ ಕಾಲಂ ಇಲ್ಲ. ಕಾಲಂ ಇಲ್ಲದ ಮೇಲೆ ಡೇಟಾ ಎಲ್ಲಿಂದ ಬರಬೇಕು?

ಅವರು ತಂದ ಇನ್ನೊಂದು ವಸ್ತು ಬಿಯರ್. 1818ರಲ್ಲಿ ಮನ್ರೋ ಬೆಳಗಾವಿ ಕೋಟೆ ಹಿಡಿದ. ಆಮೇಲೆ ಇಲ್ಲಿ ದಂಡು ಬೀಡುಬಿಟ್ಟಿತು, ನಾವು ಇವತ್ತಿಗೂ ಕ್ಯಾಂಪ್ ಅನ್ನೋದು ಅದನ್ನೇ. ಆ ಕಾಲದಲ್ಲಿ ಬಿಯರ್ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿಕೊಂಡು ಇಂಗ್ಲೆಂಡಿನಿಂದ ಬರಬೇಕಿತ್ತು. ಲಂಡನ್ನಿನ ಹಾಡ್ಸನ್, ಆಮೇಲೆ ಬರ್ಟನ್ನಿನ ಆಲ್ಸಪ್ ಮತ್ತು ಬಾಸ್ ಕಂಪನಿಗಳು ಹಾಪ್ಸ್ ಜಾಸ್ತಿ ಹಾಕಿ ಕಳಿಸುತ್ತಿದ್ದ ಕಹಿ ಏಲ್‌ಗೆ ಇಂಡಿಯಾ ಪೇಲ್ ಏಲ್ ಅಂತಲೇ ಹೆಸರು ಬಿತ್ತು. ಸಾಮಾನ್ಯ ಸಿಪಾಯಿಗೆ ಪೋರ್ಟರ್, ಸಾಹೇಬರಿಗೆ ಪೇಲ್ ಏಲ್. ದಕ್ಷಿಣದಲ್ಲಿ 1915ರಲ್ಲಿ ಥಾಮಸ್ ಲೀಷ್‌ಮನ್ ಐದು ಬ್ರೂವರಿ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಮುಂದೆ 1978ರಲ್ಲಿ ಅದೇ ಕಂಪನಿ ಕಿಂಗ್‌ಫಿಷರ್ ಹೆಸರಲ್ಲಿ ಬಿಯರ್ ತಂದಿತು. ಆದರೆ ಯೂರೋಪಿನ ಯೀಸ್ಟ್ ಬಿಸಿಲಲ್ಲಿ ಬದುಕೋದು ಕಷ್ಟ. ಹಾಗಾಗಿ ದಕ್ಷಿಣ, ಪಶ್ಚಿಮ ಭಾರತದಲ್ಲಿ ಸಾಹೇಬರ ಬ್ರೆಡ್ಡೂ ಉಬ್ಬುತ್ತಿದ್ದುದು ಬಹುಪಾಲು ತಾಡಿಯಿಂದಲೇ. ಕೆಳಗಿನವರ ಪೇಯ ಅಂತ ಮೂಗು ಮುರಿದವರ ಬೆಳಗಿನ ಟೋಸ್ಟ್ ಒಳಗೂ ಅದೇ ಇತ್ತು :-)

ಈಗ ಕಾಯ್ದೆಗೆ ಬರೋಣ. 1878ರ ಬಾಂಬೆ ಅಬಕಾರಿ ಕಾಯ್ದೆ ಬಂದ ಮೇಲೆ ಸೇಂದಿ ಇಳಿಸೋ ಮರಕ್ಕೆ ತೆರಿಗೆ ಬಿತ್ತು, ಲೈಸೆನ್ಸ್ ಬಂತು. ಮನೆಯ ಹಿತ್ತಲಿನ ಮರ ನಿಮ್ಮದೇ, ಅದರ ರಸ ಮಾತ್ರ ಸರ್ಕಾರದ ಲೆಕ್ಕದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾದ ಉಪ್ಪಿನ ಹಿಡಿತ ಬ್ರಿಟಿಷರಿಗೆ, ಬಾಂಬೆ ಮಾದರಿಯ ಅಬಕಾರಿ ಗೋವಾದ ಒಳಗೂ ಜಾರಿ, ಎರಡರ ನಡುವೆ ಸುಂಕದ ಗೋಡೆ ಇಲ್ಲ, ಮತ್ತೆ ಬಂದರಿನಿಂದ ಗಡಿಯವರೆಗೆ ರೈಲು. ಆ ರೈಲು 1888ರಲ್ಲಿ ಮಾರ್ಮುಗೋವಾದಿಂದ ಕ್ಯಾಸಲ್‌ರಾಕ್‌ಗೆ ಹತ್ತಿತು. ನಾವು ದೂಧಸಾಗರ ನೋಡೋಕೆ ಹೋಗಿ ಫೋಟೋ ಹೊಡೆಸಿಕೊಳ್ಳೋ ಅದೇ ಹಳಿ. ಗೋವಾದ ಮರದ ಮೇಲಿನ ಗಡಿಗೆಗೂ ಬಾಂಬೆಯ ಲೆಕ್ಕಪುಸ್ತಕದ ನೆರಳು ಬಿದ್ದ ಕಾಲ ಅದು. 1892ರ ಆರಂಭದಲ್ಲಿ ಒಪ್ಪಂದ ಮುರಿದುಬಿತ್ತು, ಸುಂಕದ ಗೋಡೆ ಮತ್ತೆ ಎದ್ದಿತು, ಕ್ಯಾಸಲ್‌ರಾಕ್‌ನಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸೋ ಕಾಲ ಶುರುವಾಯಿತು.

ನಿಜವಾದ ಹೊಡೆತ ಬಿದ್ದದ್ದು ಸ್ವಾತಂತ್ರ್ಯದ ನಂತರ. ಬೆಳಗಾವಿ ಆಗ ಬಾಂಬೆ ರಾಜ್ಯದಲ್ಲಿತ್ತು ಅನ್ನೋದು ನೆನಪಿರಲಿ. 1949ರ ಬಾಂಬೆ ಪಾನನಿರೋಧ ಕಾಯ್ದೆ 1950ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದರ 13ನೇ ಕಲಮಿನಲ್ಲಿ ಮದ್ಯ ಸೇವಿಸಬಾರದು ಅಂತ ಮಾತ್ರ ಇಲ್ಲ, ಸೇವಿಸಬಾರದು 'ಅಥವಾ ಬಳಸಬಾರದು' ಅಂತ ಇದೆ. ಒಂದು 'ಅಥವಾ'! ಪ್ರೋಗ್ರಾಮ್ ಬರೆಯೋರಿಗೆ ಗೊತ್ತು ಒಂದು 'ಅಥವಾ' ಎಷ್ಟು ಬಾಗಿಲು ಮುಚ್ಚಬಲ್ಲದು ಅಂತ. ಲೋಟಕ್ಕೆ ಸುರಿದರೂ ಅಪರಾಧ, ಸಾನ್ನದ ಹಿಟ್ಟಿಗೆ ಸುರಿದರೂ ಅಪರಾಧ. 1951ರಲ್ಲಿ ಬಾಲ್ಸರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಲಮಿನಿಂದ ಮದ್ಯಸಾರ ಇರೋ ಔಷಧಿಯನ್ನೂ ಸ್ನಾನಗೃಹದ ಸುಗಂಧವನ್ನೂ ಹೊರಗೆ ತೆಗೆಯಿತು. ಔಷಧಿ ಕಂಪನಿಯವರಿಗೆ, ಸೆಂಟು ಹಾಕಿಕೊಳ್ಳೋರಿಗೆ ಕೋರ್ಟಿಗೆ ಹೋಗುವವರಿದ್ದರು. ಸಾನ್ನ ಬೇಯಿಸೋ ಅಜ್ಜಿಯ ಪರವಾಗಿ ವಾದ ಮಾಡೋರು ಯಾರು?

ಯೋಚನೆ ಮಾಡಿ, ಲೋಂಡಾದಿಂದ ಕೂಗಳತೆಯ ದೂರದಲ್ಲಿ ಇನ್ನೂ ಪೋರ್ಚುಗೀಸರ ಆಳ್ವಿಕೆ. ಅಲ್ಲಿ ಸೂರು, ಫೆನ್ನಿ, ವೈನು ಎಲ್ಲ ರಾಜಾರೋಷ. ಇಲ್ಲಿ ನಾಲ್ಕು ಚಮಚ ಸೂರಿಗೂ ಪೊಲೀಸು. 1955ರ ಆಗಸ್ಟ್ 15ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಮೇಲೆ ಗಡಿಯೇ ಮುಚ್ಚಿತು, ರೈಲು ನಿಂತಿತು. ತವರುಮನೆ ಕೆಳಗೆ, ಗಂಡನ ಮನೆ ಮೇಲೆ ಇದ್ದ ಹೆಣ್ಣುಮಕ್ಕಳಿಗೆ ಆ ವರ್ಷಗಳು ಹೇಗಿದ್ದಿರಬೇಕು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು, 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಬಂತು, 1965ರಲ್ಲಿ ಮೈಸೂರು ಅಬಕಾರಿ ಕಾಯ್ದೆ ಬಂತು. ಬಾಗಿಲು ಮತ್ತೆ ತೆರೆಯುವಷ್ಟರಲ್ಲಿ ಒಂದು ತಲೆಮಾರಿನ ಕೈ ಅಭ್ಯಾಸ ತಪ್ಪಿಹೋಗಿತ್ತು.

ಪಾನನಿರೋಧ ತಂದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಸಾರಾಯಿಯಿಂದ ಹಾಳಾದ ಮನೆಗಳನ್ನು ನಮ್ಮ ಓಣಿಯಲ್ಲೇ ನೋಡಿದ್ದೀನಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಖುಷಿಪಟ್ಟ ಹೆಂಗಸರ ಸಂಖ್ಯೆ ಸಣ್ಣದಲ್ಲ. ನನ್ನ ತಕರಾರು ಇಷ್ಟೇ: ಕಾಯ್ದೆಗೆ ಗುಟುಕಿಗೂ ಒಗ್ಗರಣೆಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅದರ ಹಿಂದೆಯೇ ಮರ್ಯಾದೆಯ ಪ್ರಶ್ನೆ ಬಂತು. ಕ್ರಿಸ್ಮಸ್ಸಿಗೆ ಕರೆದ ನೆರೆಮನೆಯವರಿಗೆ "ಇದಕ್ಕೆ ಏನೂ ಹಾಕಿಲ್ಲರೀ, ಬರೀ ಯೀಸ್ಟು" ಅಂತ ಮೊದಲೇ ಹೇಳಿ ಬಡಿಸೋದು ಗೆಳೆಯನ ಮನೆಯಲ್ಲಿ ಈಗಲೂ ಉಂಟು.

ಯೀಸ್ಟು ಅಂದೆನಲ್ಲ, ಅದೂ ಬಿಯರಿನ ಮನೆಯಿಂದಲೇ ಬಂದದ್ದು. ಪಾಶ್ಚರ್ 1876ರಲ್ಲಿ ಬಿಯರ್ ಕುರಿತೇ ಒಂದು ಪುಸ್ತಕ ಬರೆದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಣಗಿದ ಯೀಸ್ಟ್ ಪೊಟ್ಟಣಕ್ಕೆ ಬಂತು. ಈಗ ಬೆಳಗಾವಿಯ ಯಾವ ದಿನಸಿ ಅಂಗಡಿಗೆ ಹೋದರೂ ಸಿಗುತ್ತೆ. ಸಾನ್ನ ಉಬ್ಬುತ್ತೆ, ಅನುಮಾನ ಬೇಡ. ಆದರೆ ಸೂರಿನಲ್ಲಿ ಯೀಸ್ಟ್ ಒಂದೇ ಅಲ್ಲ, ಹುಳಿ ಬರಿಸೋ ಬ್ಯಾಕ್ಟೀರಿಯಾಗಳ ಒಂದು ಪಾಳೆಯವೇ ಇರುತ್ತೆ. ಪೊಟ್ಟಣದಲ್ಲಿ ಆ ಪಾಳೆಯ ಇಲ್ಲ, ಆ ವಾಸನೆಯೂ ಇಲ್ಲ. ಕರಾವಳಿಯಲ್ಲಿ ಮೂರ್ತೆದಾರರ ಸಹಕಾರ ಸಂಘಗಳು ಇವತ್ತಿಗೂ ಸೇಂದಿ ಮಾರುತ್ತವೆ, ಅಲ್ಲಿನವರು ಪುಣ್ಯವಂತರು.

ಹಾಗಾದರೆ ಸೂರಿನ ಬದಲು ಬಿಯರ್ ಹಾಕಿದರೆ ಸಾನ್ನ ಉಬ್ಬುತ್ತಾ? ಅಂಗಡಿಯ ಬಾಟಲಿ ಬಿಯರ್ ಆದರೆ ಇಲ್ಲ. ಅದನ್ನು ಸೋಸಿ, ಪಾಶ್ಚರೀಕರಿಸಿ ಯೀಸ್ಟನ್ನು ಸಾಯಿಸಿಯೇ ಮುಚ್ಚಳ ಒತ್ತಿರುತ್ತಾರೆ. ಬೆಂಗಳೂರಿನಲ್ಲಿ 2010ರ ಸುಮಾರಿಗೆ ಶುರುವಾದ ಮೈಕ್ರೋಬ್ರೂವರಿಗಳಲ್ಲಿ ಸೋಸದೇ ಕೊಡೋ ಗೋಧಿ ಬಿಯರಿನಲ್ಲಿ ಮಾತ್ರ ಯೀಸ್ಟ್ ಜೀವಂತ ಇರುತ್ತೆ. ಹಿಟ್ಟಿಗೆ ಅದನ್ನು ಹಾಕಿ ರಾತ್ರಿಯಿಡೀ ಬಿಡಿ, ಸ್ವಲ್ಪ ಸಕ್ಕರೆ ಕೊಡಿ, ನಿಧಾನಕ್ಕೆ ಏಳುತ್ತೆ. ಬಾಟಲಿ ಬಿಯರಿನ ಉಪಯೋಗ ಬೇರೆ ಕಡೆ ಇದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಬಿಯರನ್ನು ಒಂದು ಲೋಟ ಕಡಲೆಹಿಟ್ಟು, ಅರ್ಧ ಲೋಟ ಅಕ್ಕಿಹಿಟ್ಟಿಗೆ ಸುರಿದು ಜಾಸ್ತಿ ಕಲಸದೆ ಭಜಿ ಬಿಡಿ. ಗುಳ್ಳೆಗಳು ಎಣ್ಣೆಯಲ್ಲಿ ಹಿಗ್ಗಿ ಹೊರಪದರ ಗರಿಗರಿ. ಮಳೆಗಾಲದಲ್ಲಿ ಖಾನಾಪುರದ ಕಡೆ ಸಿಗೋ ಕಾಡು ಅಣಬೆಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ.

ಮಟನ್ನಿಗೆ ಬಂದರೆ ಕಹಿಯ ಪ್ರಶ್ನೆ. ಬೆಲ್ಜಿಯಂನವರು ಬಿಯರಿನಲ್ಲಿ ದನದ ಮಾಂಸ ಬೇಯಿಸಿ ಕಾರ್ಬೊನಾಡ್ ಮಾಡುವಾಗ ಕಂದು ಸಕ್ಕರೆ, ಸಾಸಿವೆ ಸವರಿದ ಬ್ರೆಡ್ ಹಾಕ್ತಾರೆ, ಯಾಕಂದರೆ ಹಾಪ್ಸಿನ ಕಹಿ ಆವಿಯಾಗೋಲ್ಲ, ರಸ ಇಂಗಿದಷ್ಟೂ ಗಟ್ಟಿಯಾಗುತ್ತೆ. ನಾನು ಒಂದು ಕಿಲೋ ಮಟನ್ನಿಗೆ 330 ಮಿ.ಲೀ. ಹಗುರ ಲಾಗರ್ ಮಾತ್ರ ಹಾಕ್ತೀನಿ. ನಾಲ್ಕು ಈರುಳ್ಳಿ ಕೆಂಪಗೆ ಹುರಿದು, ನಮ್ಮ ಕಾಂದಾ-ಲಸಣಿ ಮಸಾಲೆ ಹಾಕಿ, ಕೊನೆಗೆ ನೆಲ್ಲಿಕಾಯಿ ಗಾತ್ರದ ಬೆಲ್ಲ. ಜೋಳದ ರೊಟ್ಟಿ ಜೊತೆ ಛಲೋ ಆಗ್ತದ. ಕಪ್ಪು ಬಿಯರ್ ಸಿಕ್ಕರೆ ಇನ್ನೂ ಛಲೋ. ಪೇಲ್ ಏಲ್ ಜಾತಿಯದ್ದು ಮಾತ್ರ ಬೇಡವೇ ಬೇಡ, ಅದು ಹಡಗಿಗೆ ಮಾಡಿದ್ದು, ಕುಕ್ಕರಿಗೆ ಅಲ್ಲ.

"ಕುದಿಸಿದರೆ ಮದ್ಯವೆಲ್ಲ ಹಾರಿಹೋಗುತ್ತೆ" ಅಂತ ಹೇಳಿ ಬಡಿಸೋರಿಗೆ ಒಂದು ಮಾತು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 15 ನಿಮಿಷ ಕುದಿಸಿದರೆ ಹಾಕಿದ ಮದ್ಯಸಾರದಲ್ಲಿ ಶೇ. 40 ಉಳಿಯುತ್ತೆ, ಒಂದು ಗಂಟೆಗೆ ಶೇ. 25, ಎರಡೂವರೆ ಗಂಟೆಗೆ ಶೇ. 5. ಒಂದು ಬಟ್ಟಲು ಸಾರಿಗೆ ಲೆಕ್ಕ ಹಾಕಿದರೆ ಬಹಳ ಸಣ್ಣ ಪ್ರಮಾಣ. ಆದರೂ ಸೊನ್ನೆ ಅಲ್ಲ. ಕುಡಿಯದ ವ್ರತ ಇರೋರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಮುಂಚೆಯೇ ಹೇಳಿ, ಅವರಿಗೆ ಬೇರೆ ಪಾತ್ರೆಯಲ್ಲಿ ಮಾಡಿ. ವಿನೆಗರ್ ಹಾಕಿದ ವಿಂದಾಲೂಗೆ ಈ ತೊಂದರೆ ಇಲ್ಲ, ಅಲ್ಲಿ ಮದ್ಯಸಾರ ಒಲೆಗೆ ಬರುವ ಮೊದಲೇ ಹುಳಿಯಾಗಿ ಮುಗಿದಿರುತ್ತೆ.

ಅಂದಹಾಗೆ ಖಾನಾಪುರದ ಕುಂಬಾರರ ಮಣ್ಣಿನ ಗಡಿಗೆಯಲ್ಲಿ ಈ ಮಟನ್ ಒಮ್ಮೆ ಮಾಡಿ ನೋಡಿ. ಹೊಸ ಗಡಿಗೆಯಾದರೆ ಹಿಂದಿನ ರಾತ್ರಿ ನೀರಲ್ಲಿ ಮುಳುಗಿಸಿಡಿ, ಉರಿ ಸಣ್ಣದಿರಲಿ. ಬಿಯರನ್ನು ಮಾತ್ರ ಫ್ರಿಜ್ಜಿನಿಂದ ತೆಗೆದು ಸೀದಾ ಬಿಸಿ ಗಡಿಗೆಗೆ ಸುರಿಯಬೇಡಿ, ಗಡಿಗೆ ಸೀಳುತ್ತೆ.